ಜಡ್ಜಮ್ಮ ಇನ್ನೊಂದು ಸಲ ಓದಲಿ

ನನ್ನ ಹೆಸರು ಅರ್ನೆಸ್ಟೀನ್. ಡಿಯಾಂಡ್ರಾ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯೂವಾರ್ಕಿನ ಕೋರ್ಟಿನಲ್ಲಿ ಒಂದು ವಾರ ಜ್ಯೂರಿಯಾಗಿ ಕೂತೆ. ಆ ವಾರವೆಲ್ಲ ನನ್ನನ್ನು ಡಿಯಾಂಡ್ರಾ ಎಂದು, ನನ್ನ ಜೊತೆ ಕೂತ ಡಿಯಾಂಡ್ರಾಳನ್ನು ಅರ್ನೆಸ್ಟೀನ್ ಎಂದು ಕರೆದರು.

ಡಿಯಾಂಡ್ರಾ ಮೂವತ್ತರ ಹುಡುಗಿ. ಕಡ್ಡಿ ಮೈ. ಕನ್ನಡಕ. ಜಡೆ ಹೆಣೆಯುವ ಅಂಗಡಿ ಇಟ್ಟಿದ್ದಾಳೆ, ಅವಳ ತಲೆಯ ತುಂಬಾ ಸಣ್ಣ ಸಣ್ಣ ಜಡೆಗಳು. ನನಗೆ ಅರವತ್ತು ಹತ್ತಿರ ಬಂತು. ಎತ್ತರದಾಳು, ದಪ್ಪಗಿದ್ದೇನೆ, ಕೂದಲನ್ನು ಬೋಳಿಸಿದ ಹಾಗೆ ಕತ್ತರಿಸಿಕೊಂಡಿದ್ದೇನೆ. ನಮ್ಮಿಬ್ಬರಿಗೂ ಸಮ ಇರುವುದು ಒಂದೇ, ನಾವು ಕರಿಯರು. ಅದೂ ಪೂರ್ತಿ ಸಮವಲ್ಲ. ಅವಳದು ಹಾಲು ಹಾಕಿದ ಕಾಫಿ, ನನ್ನದು ಹಾಲು ಕಾಣದ್ದು.

ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನ ಲಾಂಡ್ರಿಯಲ್ಲಿ ನನ್ನ ಕೆಲಸ. ಜನ ಒಂದು ರಾತ್ರಿ ಮಲಗಿ ಎದ್ದು ಹೋಗುತ್ತಾರೆ. ಅವರ ಬೆವರು, ಅವರು ಚೆಲ್ಲಿದ ವೈನು, ಇನ್ನೂ ಏನೇನೋ ನಮ್ಮ ಕೈಗೆ ಬರುತ್ತದೆ. ಒದ್ದೆ ಹಾಸುಬಟ್ಟೆ ಹೆಣಭಾರ. ಎತ್ತಬೇಕು. ಕೊಡವಬೇಕು. ಇಸ್ತ್ರಿ ಯಂತ್ರದ ಉರುಳೆಗೆ ಕೊಡಬೇಕು. ಕೈ ಒಂದಿಷ್ಟು ಮುಂದೆ ಹೋಯಿತೋ, ಚರ್ಮ ಹೋಯಿತು. ನನ್ನ ಎರಡೂ ಮೊಣಕೈವರೆಗೆ ಸುಟ್ಟ ಕಲೆಗಳಿವೆ. ಸಂಜೆಯಾದರೆ ಕಾಲು ಬಾತು ಶೂಗಳೊಳಗೆ ಹಿಡಿಸುವುದಿಲ್ಲ. ಕೂರಲು ಕುರ್ಚಿ ಇಲ್ಲ. ಕೇಳಿದರೆ, "ಕುರ್ಚಿ ಕೊಟ್ರೆ ಕೂತ್ಬಿಡ್ತೀರಲ್ಲ" ಎನ್ನುತ್ತಾನೆ ಮ್ಯಾನೇಜರು.

ಜ್ಯೂರಿಗೆ ಕರೆ ಬಂದಾಗಲೂ ಅವನು ಮುಖ ಸಿಂಡರಿಸಿದ.

"ಏನಾದ್ರೂ ಹೇಳಿ ತಪ್ಪಿಸ್ಕೊಳ್ಳಮ್ಮ. ಪೊಲೀಸ್ರನ್ನ ಕಂಡ್ರೆ ಆಗಲ್ಲ ಅಂದ್ಬಿಡು. ಅಲ್ಲಿಂದಲೇ ಮನೆಗೆ ಕಳಿಸ್ತಾರೆ."

"ನಾನ್ಯಾಕೆ ಹೇಳ್ಲಿ? ನನ್ನ ಮುಖ ನೋಡ್ತಿದ್ದ ಹಾಗೇ ಅವರೇ ಕಳಿಸ್ತಾರೆ."

ಸುಳ್ಳಲ್ಲ. ಹಿಂದೆ ಕರೆದಾಗಲೆಲ್ಲ ಹಾಗೇ ಆಗಿತ್ತು. ಸರ್ಕಾರಿ ವಕೀಲರು ನನ್ನನ್ನು ನೋಡುವುದು, ಹಲ್ಲು ಕಿರಿಯುವುದು, "ತುಂಬಾ ಥ್ಯಾಂಕ್ಸ್ ಮೇಡಂ, ನೀವಿನ್ನು ಹೊರಡಬಹುದು" ಎನ್ನುವುದು. ಕಾರಣ ಹೇಳಬೇಕಾಗಿಲ್ಲ. ಕಾರಣ ಹೇಳದೆ ಇಂತಿಷ್ಟು ಜನರನ್ನು ಕಳಿಸಬಹುದು ಎಂದು ವಕೀಲರಿಗೆ ಹಕ್ಕಿದೆ. ಈ ಸಲ ಏನಾಯಿತೆಂದರೆ, ನನ್ನ ಸರದಿ ಬರುವಷ್ಟರಲ್ಲಿ ಅವರು ಅಷ್ಟೂ ಜನರನ್ನು ಕಳಿಸಿ ಮುಗಿಸಿದ್ದರು. ಡಿಯಾಂಡ್ರಾ, ನಾನು ಇಬ್ಬರೂ ಉಳಿದುಕೊಂಡೆವು. ವಕೀಲರ ಮುಖ ಹುಳ್ಳಗಾಯಿತು. ನನಗೆ ಒಳಗೊಳಗೇ ಹಬ್ಬ.

ಬಾಗಿಲಲ್ಲಿ ಮಾತ್ರ ಹಬ್ಬವಿರಲಿಲ್ಲ. ಎದೆ ಮೇಲೆ ಜ್ಯೂರಿ ಎಂಬ ಬಿಲ್ಲೆ ಸಿಕ್ಕಿಸಿಕೊಂಡು ಹೋದರೂ ಕಾವಲಿನವನು ಬೆಳಗಾದರೆ ಕೈ ತೋರಿಸುತ್ತಿದ್ದ.

"ಆರೋಪಿ ಕಡೆಯೋರು ಎಡಗಡೆ ಸಾಲು."

"ಜ್ಯೂರಿ ಕಣಪ್ಪಾ ನಾನು."

"ಓ, ಸಾರಿ."

ಮಾರನೇ ದಿನ ಮತ್ತೆ ಅದೇ. ಕೊನೆಕೊನೆಗೆ ನಾನೇ, "ಎಡಗಡೆ ಸಾಲು ಅಲ್ವಾ ಕಂದಾ?" ಎಂದು ಕೇಳಿ ಬಲಗಡೆ ಹೋಗುತ್ತಿದ್ದೆ.

ಮೊಕದ್ದಮೆ ದೊಡ್ಡದೇನಲ್ಲ. ಆದರೆ ಒಬ್ಬ ಹುಡುಗನ ಬದುಕು ಅದರಲ್ಲಿತ್ತು. ಔಷಧಿ ಅಂಗಡಿಯ ಕ್ಯಾಷಿಯರ್ ಹ್ಯಾಲೋರನ್ ಎಂಬ ಬಿಳಿ ಹೆಂಗಸು ಚಳಿಗಾಲದ ಒಂದು ಸಂಜೆ ಅಂಗಡಿ ಮುಚ್ಚಿ ಕಾರಿನ ಹತ್ತಿರ ಬಂದಿದ್ದಾರೆ. ಕತ್ತಲಾಗಿತ್ತು. ಒಬ್ಬ ಕರಿಯ ಹುಡುಗ ಪಿಸ್ತೂಲು ತೋರಿಸಿ ಬ್ಯಾಗು ಕಿತ್ತುಕೊಂಡು ಓಡಿದ. ಎರಡು ತಿಂಗಳು ಕಳೆದ ಮೇಲೆ ಪೊಲೀಸರು ಫೋಟೋಗಳನ್ನು ತೋರಿಸಿದರು. ಆಕೆ ಟಾವಿಯಸ್ ಎಂಬವನ ಫೋಟೋ ಮೇಲೆ ಬೆರಳಿಟ್ಟರು.

ಟಾವಿಯಸ್ ಕಾರು ತೊಳೆಯುವ ಕಡೆ ಕೆಲಸ ಮಾಡುವ ಹುಡುಗ, ಜಾಮೀನಿನ ಮೇಲೆ ಹೊರಗಿದ್ದ. ಯಾರದ್ದೋ ಟೈ ಕಟ್ಟಿಕೊಂಡು ಕೂತಿದ್ದ. ಅವನ ಹಿಂದೆ ಅವನಮ್ಮ, ಆಸ್ಪತ್ರೆ ಅಡುಗೆಮನೆಯ ಸಮವಸ್ತ್ರದಲ್ಲೇ ಬಂದು ಕೂರುತ್ತಿದ್ದಳು. ಪಿಸ್ತೂಲು ಸಿಕ್ಕಿಲ್ಲ. ಬ್ಯಾಗು ಸಿಕ್ಕಿಲ್ಲ. ಬೇರೆ ಕಂಡವರಿಲ್ಲ. ಇದ್ದದ್ದು ಹ್ಯಾಲೋರನ್ ಅವರ ಒಂದು ಬೆರಳು. ಆ ಬೆರಳು ಸರಿ ಎಂದು ನಾವು ಹನ್ನೆರಡು ಜನರೂ ಒಪ್ಪಿದರೆ ಹುಡುಗ ಹತ್ತು ಹದಿನೈದು ವರ್ಷ ಒಳಗೆ.

"ಆ ಮುಖ ನಾನು ಸಾಯೋವರೆಗೂ ಮರೆಯಲ್ಲ. ಕಣ್ಣು ಮುಚ್ಚಿದ್ರೆ ಅದೇ ಬರತ್ತೆ. ಇವನೇ." ಹ್ಯಾಲೋರನ್ ಕೋರ್ಟಿನಲ್ಲಿ ಅತ್ತರು. ಒಳ್ಳೆಯ ಹೆಂಗಸು, ನನ್ನ ವಾರಿಗೆಯವರೇ, ನಮ್ಮ ಹಾಗೇ ದಿನವಿಡೀ ನಿಂತು ದುಡಿಯುವವರು. ನನಗೂ ಕಣ್ಣು ತುಂಬಿ ಬಂತು. ಕರವಸ್ತ್ರ ತೆಗೆದು ಮೂಗು ಸೀಟಿದೆ. ಆಗ ಕೇಳಿದ್ದರೆ, ಪಾಪ ಹೌದಿರಬೇಕು ಎಂದುಬಿಡುತ್ತಿದ್ದೆನೇನೋ.

ವಾದವೆಲ್ಲ ಮುಗಿದ ಮೇಲೆ ಜಡ್ಜಮ್ಮ ನಮಗೆ ಸೂಚನೆ ಓದಿದರು. ಅದು ಕಾನೂನು. ಸಾಕ್ಷಿಯನ್ನು ಹೇಗೆ ತೂಗಬೇಕು ಎಂದು ಜ್ಯೂರಿಗೆ ಹೇಳಲೇಬೇಕು. ಓದಿದ್ದು ಊಟವಾದ ಮೇಲೆ. ಕೋಣೆ ಬೆಚ್ಚಗಿತ್ತು. ಆಕೆಯ ದನಿಯೋ, ಒಂದೇ ಸಮ, ಏರಿಲ್ಲ ಇಳಿವಿಲ್ಲ. ನಾನು ಶೂ ಕಳಚಿ ಕಾಲು ಚಾಚಿದೆ. ಬೆಳಕು ಎಷ್ಟಿತ್ತು, ದೂರ ಎಷ್ಟು, ಆಯುಧ ಇದ್ದರೆ ಕಣ್ಣು ಎಲ್ಲಿ ಹೋಗುತ್ತದೆ... ಅಷ್ಟು ಕೇಳಿಸಿತು. ಆಮೇಲೆ ನನ್ನ ಪಕ್ಕದ ಆಲ್ಬೇರ್ತೊ ಗೊರಕೆ ಹೊಡೆದ. ಆಮೇಲೆ ನಾನೂ ಹೊಡೆದೆನಂತೆ. ಡಿಯಾಂಡ್ರಾ ಹೇಳಿದಳು.

ನಮ್ಮನ್ನು ಕೋಣೆಗೆ ಕಳಿಸಿ ಬಾಗಿಲು ಹಾಕಿದರು. ಸೂಚನೆಯ ಕಾಗದಗಳನ್ನೂ ಕೊಟ್ಟಿದ್ದರು. ಲ್ಯಾನ್ಸಿಂಗ್ ಅದರ ಮೇಲೆ ಡೋನಟ್ ಪೆಟ್ಟಿಗೆ ಇಟ್ಟರು.

ಲ್ಯಾನ್ಸಿಂಗ್ ನಮ್ಮ ಮುಖಂಡ. ಇನ್ಶೂರೆನ್ಸ್ ಕಂಪನಿಯಲ್ಲಿದ್ದು ನಿವೃತ್ತಿಯಾದವರು, ಬಿಳಿ ಕೂದಲು, ಊರಾಚೆಯ ದೊಡ್ಡ ಬಡಾವಣೆಯವರು. ಕೆಟ್ಟವರಲ್ಲ. ನಿತ್ಯ ಎಲ್ಲರಿಗೂ ಡೋನಟ್ ತರುತ್ತಿದ್ದರು. ನನ್ನ ಕೈಗೆ ಕೊಡುತ್ತಾ, "ತಗೊಳ್ಳಿ ಡಿಯಾಂಡ್ರಾ" ಎನ್ನುತ್ತಿದ್ದರು. ಮೊದಲೆರಡು ಸಲ ತಿದ್ದಿದೆ. ಆಮೇಲೆ ಡೋನಟ್ ತಿಂದೆ.

"ಕೈ ಎತ್ತೋಣ. ತಪ್ಪಿತಸ್ಥ ಅನ್ನೋರು?" ಲ್ಯಾನ್ಸಿಂಗ್ ಕೇಳಿದರು.

ಹತ್ತು ಕೈ ಎದ್ದವು. ಡಿಯಾಂಡ್ರಾ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕೋಣೆಯಲ್ಲಿ ಒಂದು ಬಗೆಯ ಮೌನ. ಆ ಮೌನ ನನಗೆ ಗೊತ್ತು. ಹುಟ್ಟಿದಾಗಿನಿಂದ ಗೊತ್ತು. ಇವರಿಬ್ಬರೂ ತಮ್ಮ ಬಣ್ಣದವನ ಪರ ಎನ್ನುವ ಮೌನ.

"ಪರವಾಗಿಲ್ಲ, ಪರವಾಗಿಲ್ಲ. ಯಾಕೆ ಅಂತ ಹೇಳಿ ಡಿಯಾಂಡ್ರಾ." ನನ್ನ ಕಡೆ ನೋಡಿ ಕೇಳಿದರು.

"ನಂಗೆ ಹೌದೋ ಅಲ್ವೋ ಗೊತ್ತಿಲ್ಲ ಸಾಹೇಬ್ರೆ. ಜಡ್ಜಮ್ಮ ಓದಿದ್ರಲ್ಲ, ಅದು ನಂಗೆ ಪೂರ್ತಿ ಕೇಳಿಸ್ಲಿಲ್ಲ."

"ಅಯ್ಯೋ, ಅದು ಸುಮ್ನೆ ಓದ್ತಾರಮ್ಮ. ಓದ್ಬೇಕು ಅಂತ ರೂಲಿದೆ, ಓದ್ತಾರೆ. ಆ ಹೆಂಗಸನ್ನ ನೋಡಿದ್ರಲ್ಲ? ಅದು ಸುಳ್ಳು ಹೇಳೋ ಮುಖವಾ?"

ಕೇಟ್ಲಿನ್ ಎಂಬ ಶಾಲೆಯ ಟೀಚರ್, ಚಿಕ್ಕ ವಯಸ್ಸಿನವಳು, ದನಿ ಏರಿಸಿದಳು. "ನಂಗೆ ಆ ಸೂಚನೆ ಕೇಳಿ ಮೈ ಉರಿದುಹೋಯ್ತು. ಹೀಗೆ ಮೋಸ ಆಗತ್ತೆ, ಹಾಗೆ ಮೋಸ ಆಗತ್ತೆ ಅಂತ ಹೇಳ್ಕೊಂಡು ಹೋದ್ರೆ ಯಾವ ಹೆಂಗಸು ತಾನೆ ಬಂದು ಸಾಕ್ಷಿ ಹೇಳ್ತಾಳೆ? ಯಾರನ್ನೂ ನಂಬ್ಬೇಡಿ ಅಂದ ಹಾಗಾಯ್ತಲ್ಲ?"

ಆಲ್ಬೇರ್ತೊ ಮೀಸೆ ತಿರುವಿದ. ಪೋರ್ಚುಗೀಸರ ಕೇರಿಯ ಗಾರೆ ಕೆಲಸದವನು. "ಹೌದು ಮತ್ತೆ. ಸಂಜೆ ಮನೆಗೆ ಹೋದ್ರೆ ನನ್ನ ಹೆಂಡ್ತಿ ಬಾಗಿಲು ತೆಗೀತಾಳೆ. ಬೆಳಕೆಷ್ಟಿದೆ, ದೂರ ಎಷ್ಟಿದೆ ಅಂತ ಲೆಕ್ಕ ಹಾಕ್ತಾ ನಿಲ್ಲಕ್ಕಾಗತ್ತಾ? ಕೈಲಿ ಸೌಟಿದ್ರೆ ಅದೂ ಆಯುಧವೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಸದ್ದು ಇಳಿಯುವ ಮೊದಲೇ ಲ್ಯಾನ್ಸಿಂಗ್ ಗಡಿಯಾರ ನೋಡಿದರು.

"ಹಾಗಾದ್ರೆ ಇವತ್ತೇ ಮುಗಿಸಿಬಿಡೋಣ. ಇಬ್ರಿಗೋಸ್ಕರ ಹತ್ತು ಜನ ಕಾಯೋದು..."

ಅಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಹುಡುಗನ ಹದಿನೈದು ವರ್ಷ, ಇವರ ಒಂದು ಮಧ್ಯಾಹ್ನ. ತೂಕ ಸರಿಹೋಯಿತೇ?

"ಜಡ್ಜಮ್ಮ ಇನ್ನೊಂದು ಸಲ ಓದ್ಲಿ. ನಾನು ಕೇಳಿದ ಮೇಲೆ ಕೈ ಎತ್ತೋ ಮಾತು."

"ಕಾಗದ ಇಲ್ಲೇ ಇದೆಯಲ್ಲ."

ಪೆಟ್ಟಿಗೆ ಸರಿಸಿ ಕಾಗದ ಎಳೆದೆ. ಜಿಡ್ಡು ಇಳಿದು ಅಕ್ಷರ ಮಸುಕಾಗಿತ್ತು. ಸಕ್ಕರೆ ಪುಡಿ ಬೇರೆ.

"ಇದನ್ನ ಓದ್ಲಾ, ನೆಕ್ಲಾ?"

ಡಿಯಾಂಡ್ರಾ ಬಾಯಿ ಮುಚ್ಚಿಕೊಂಡು ನಕ್ಕಳು.

"ನೋಡಿ, ಹಠ ಮಾಡ್ಬೇಡಿ" ಎಂದರು ಲ್ಯಾನ್ಸಿಂಗ್. ಮಕ್ಕಳಿಗೆ ಹೇಳುವ ದನಿ.

"ಮಾಡ್ತೀನಿ. ಕೇಳಿ ಇಲ್ಲಿ. ನಾನು ದಿನಾ ಬೆಳಗಿಂದ ಸಂಜೆವರೆಗೆ ನಿಂತ್ಕೊಂಡೇ ಸಾಯೋಳು. ಇಲ್ಲಿ ನಂಗೆ ಕುರ್ಚಿ ಕೊಟ್ಟಿದ್ದಾರೆ. ಮೆತ್ತನೆ ಕುರ್ಚಿ. ಕ್ರಿಸ್ಮಸ್‌ವರೆಗೂ ಕೂರ್ತೀನಿ. ನಿಮಗೆ ಮನೆಗೆ ಹೋಗೋ ಅರ್ಜೆಂಟು, ನಂಗಿಲ್ಲ. ಜಡ್ಜಮ್ಮಂಗೆ ಚೀಟಿ ಬರೀರಿ."

ಚೀಟಿ ಬರೆದರು. ಬರೆಯದೆ ಏನು ಮಾಡುತ್ತಾರೆ? ಬಾಗಿಲು ತಟ್ಟಿ, ಚೀಟಿ ಕೊಟ್ಟು, ಕಾಯ್ದು, ಹನ್ನೆರಡು ಜನರೂ ಸಾಲಾಗಿ ಮತ್ತೆ ಕೋರ್ಟಿಗೆ ಹೋಗಿ ಕೂತೆವು. ವಕೀಲರು ಓಡಿ ಬಂದರು. ಟಾವಿಯಸ್ ಎದ್ದು ನಿಂತ, ತೀರ್ಪು ಎಂದುಕೊಂಡನೇನೋ, ಮುಖ ಬೂದಿಯಾಗಿತ್ತು. ಅವನಮ್ಮ ಮುಂದಿನ ಬೆಂಚಿನ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಯ್ಯೋ ತಾಯೀ, ಅಲ್ಲ, ಇದು ಬರೀ ಓದು ಎಂದು ಕೂಗಿ ಹೇಳೋಣ ಅನ್ನಿಸಿತು.

ಈ ಸಲ ನಿದ್ದೆ ಮಾಡಲಿಲ್ಲ. ನೆಟ್ಟಗೆ ಕೂತು ಕೇಳಿದೆ. ಜಡ್ಜಮ್ಮ ಓದಿದರು. ಮನುಷ್ಯರ ನೆನಪು ಕ್ಯಾಮೆರಾ ಅಲ್ಲ. ಸಾಕ್ಷಿ ಪ್ರಾಮಾಣಿಕರಾಗಿದ್ದೂ ತಪ್ಪಾಗಿರಬಹುದು. ಎಷ್ಟು ಖಚಿತವಾಗಿ ಹೇಳುತ್ತಾರೆ ಎಂಬುದೊಂದೇ ಅಳತೆಯಲ್ಲ. ಒಂದು ಜನಾಂಗದವರಿಗೆ ಇನ್ನೊಂದು ಜನಾಂಗದವರ ಮುಖ ಗುರುತಿಸುವುದು ಕಷ್ಟವಾಗಬಹುದು.

ಆ ಮಾತು ಬಂದಾಗ ಡಿಯಾಂಡ್ರಾ ನನ್ನ ಮೊಣಕೈ ತಿವಿದಳು.

ಹೊರಗೆ ಬರುವಾಗ, "ಆಂಟೀ, ಒಂದು ಆಟ ಆಡೋಣ್ವಾ?" ಎಂದಳು.

"ಏನೇ?"

"ಅವರು ನಿಮ್ಮನ್ನ ಡಿಯಾಂಡ್ರಾ ಅಂತಾರಲ್ಲ, ತಿದ್ಬೇಡಿ. ನೀವು ನಾನಾಗಿರಿ. ನಾನು ನೀವು."

"ಥೂ ನಿನ್ನ! ನಿನ್ನ ಸೊಂಟ ನನ್ನ ತೋಳಿನಷ್ಟಿಲ್ಲ, ಯಾರು ನಂಬ್ತಾರೆ?"

"ನೋಡಿ ಬೇಕಾದ್ರೆ."

ಕೋಣೆಗೆ ಬಂದೆವು. ಲ್ಯಾನ್ಸಿಂಗ್ ನಿಂತುಕೊಂಡೇ ಮಾತು ತೆಗೆದರು. "ಕೇಳಿದ್ವಲ್ಲ? ಜನಾಂಗದ ಮಾತು ಒಂದು ಬಂತು. ಅದು ನಮ್ಮಂಥೋರಿಗೆ ಅನ್ವಯಿಸಲ್ಲ. ನಾನಂತೂ ಬಣ್ಣ ನೋಡೋನೇ ಅಲ್ಲ. ಎಲ್ಲಾ ಥರದ ಜನರ ಜೊತೆ ಕೆಲಸ ಮಾಡಿದ್ದೀನಿ. ಒಂದ್ಸಲ ನೋಡಿದ ಮುಖ ಮರೆಯೋನಲ್ಲ. ಈಗ ಒಬ್ಬೊಬ್ಬರಾಗಿ ಹೇಳೋಣ. ಡಿಯಾಂಡ್ರಾ?"

ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಏನ್ ಹೇಳ್ಲಿ ಸಾಹೇಬ್ರೆ. ನಮ್ಮ ಜಡೆ ಅಂಗಡಿಗೆ ದಿನಾ ಎಷ್ಟೋ ಜನ ಬರ್ತಾರೆ. ಹೆಣೆದೂ ಹೆಣೆದೂ ಬೆರಳು ನೋಯತ್ತೆ. ಆದ್ರೆ ಹೋದ ತಿಂಗಳು ಯಾರಿಗೆ ಹೆಣೆದೆ ಅಂದ್ರೆ ಎಲ್ಲಾ ಮುಖ ನೆನಪಿರಲ್ಲ."

ತಲೆಯಲ್ಲಿ ಒಂದಿಂಚು ಕೂದಲಿಲ್ಲದವಳು ಜಡೆಯ ಮಾತಾಡುತ್ತಿದ್ದೆ. ಲ್ಯಾನ್ಸಿಂಗ್ ತಲೆದೂಗಿದರು. ಬೋರ್ಡಿನ ಮೇಲೆ ಡಿಯಾಂಡ್ರಾ ಎಂದು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದರು.

"ಅರ್ನೆಸ್ಟೀನ್, ನೀವು?"

ಆ ಹುಡುಗಿ ಸೊಂಟ ಹಿಡಿದುಕೊಂಡು ನರಳಿದಳು. "ಅಮ್ಮಾ... ನಂಗೆ ವಯಸ್ಸಾಯ್ತಪ್ಪ. ಲಾಂಡ್ರೀಲಿ ನಿಂತೂ ನಿಂತೂ ಮಂಡಿ ಹೋಯ್ತು. ಕಣ್ಣೂ ಅಷ್ಟಕ್ಕಷ್ಟೇ."

ಲ್ಯಾನ್ಸಿಂಗ್ ಅದನ್ನೂ ಬರೆದರು. ಕೇಟ್ಲಿನ್ ಪಾಪ ಎನ್ನುವಂತೆ ನೋಡಿದಳು. ಅವಳ ಮುಂದೆ ಇದ್ದದ್ದು ಮೂವತ್ತರ ಹುಡುಗಿ. ನಮ್ಮ ಆಟ ಕಂಡವನು ಆಲ್ಬೇರ್ತೊ ಒಬ್ಬನೇ. ಅವನ ಮೀಸೆ ಅದುರುತ್ತಿತ್ತು. ಕಾಫಿ ಬಾಯಿಗಿಟ್ಟವನು ತಡೆಯಲಾರದೆ ಮೂಗಿನಿಂದ ಹೊರಗೆ ಬಿಟ್ಟ.

"ಏನಾಯ್ತ್ರೀ?" ಲ್ಯಾನ್ಸಿಂಗ್ ಕೇಳಿದರು.

ಆಲ್ಬೇರ್ತೊ ಮೇಜು ಗುದ್ದಿ ನಗುತ್ತಿದ್ದ. ಮಾತಾಡಲು ಉಸಿರಿರಲಿಲ್ಲ. ನಾನು ಎದ್ದು ನಿಂತೆ. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ಲ್ಯಾನ್ಸಿಂಗ್ ಸಾಹೇಬ್ರೆ, ನಾನು ಯಾರು?"

"ಅಂದ್ರೆ?"

"ನನ್ನ ಹೆಸರೇನು?"

"ಡಿಯಾಂಡ್ರಾ."

"ಖಂಡಿತ?"

"ಖಂಡಿತ. ಒಂದು ವಾರದಿಂದ ನೋಡ್ತಿಲ್ವೇನಮ್ಮ?"

ಮೇಜಿನ ಆ ತುದಿಯಿಂದ ಡಿಯಾಂಡ್ರಾ ಕೈ ಎತ್ತಿದಳು. "ನಾನು ಇಲ್ಲಿದ್ದೀನಿ ಸರ್."

ಲ್ಯಾನ್ಸಿಂಗ್ ಅವಳನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ತಲೆ, ಅವಳ ಜಡೆ. ಬೋರ್ಡು ನೋಡಿದರು. ಕುತ್ತಿಗೆಯಿಂದ ಕೆಂಪು ಏರಿ ಕಿವಿಯ ತುದಿ ಮುಟ್ಟಿತು.

"ಒಂದು ವಾರ. ಒಂದೇ ಮೇಜು" ಎಂದೆ. "ಮೇಲೆ ಟ್ಯೂಬ್‌ಲೈಟು. ನನ್ನ ಕೈಗೆ ನೀವೇ ಡೋನಟ್ ಕೊಟ್ರಿ. ನನ್ನ ಕೈಲಿ ಪಿಸ್ತೂಲಿರ್ಲಿಲ್ಲ, ನಿಮ್ಮ ಎದೆ ಹೊಡ್ಕೋತಿರ್ಲಿಲ್ಲ. ಅಷ್ಟಿದ್ದೂ ನಾನ್ಯಾರು ಅಂತ ನಿಮಗೆ ಗೊತ್ತಿಲ್ಲ. ಆ ಹೆಂಗಸಿಗೆ ಕತ್ತಲು, ಭಯ, ಎರಡು ಉಸಿರಿನಷ್ಟು ಹೊತ್ತು. ಅವಳ ಬೆರಳಿಗೆ ಆ ಹುಡುಗನ್ನ ಬರ್ಕೊಟ್ಬಿಡ್ಲಾ?"

"ಹಾಗಾದ್ರೆ ಆಕೆ ಸುಳ್ಳು ಹೇಳಿದ್ರು ಅಂತೀರಾ?" ಅವರ ದನಿ ಸಣ್ಣದಾಗಿತ್ತು.

"ನೀವು ಹೇಳಿದ್ರಾ ಸುಳ್ಳು, ಈಗ?"

ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

"ಇಲ್ಲ. ನಂಬ್ಕೊಂಡು ಹೇಳಿದ್ರಿ. ಖಂಡಿತ ಅಂದ್ರಿ. ಆಕೆನೂ ಹಾಗೇ. ನಂಗೆ ಆಕೆ ಮೇಲೆ ಸಿಟ್ಟಿಲ್ಲ. ನಾವು ಕರಿಯರು ಎಲ್ಲಾ ಒಂದೇ ಥರ ಕಾಣ್ತೀವಲ್ಲ, ಅದರ ಮೇಲೆ ಸಿಟ್ಟು. ನಿಮಗೆ ಹೆಸರು ತಪ್ಪಿದ್ರೆ ಸಾರಿ ಅಂತ ಒಂದು ಮಾತು. ನಮಗೆ ಜೈಲು. ನಮ್ಮ ಬೀದೀಲಿ ಹೀಗೆ ಬೆರಳಿಗೆ ಸಿಕ್ಕೋರು ಒಂದು ಮನೆ ಬಿಟ್ಟು ಒಂದು ಮನೇಲಿದ್ದಾರೆ."

ಕೂತೆ. ಡಿಯಾಂಡ್ರಾ ಬಂದು ನನ್ನ ಬೆನ್ನು ಸವರಿದಳು.

ಕೇಟ್ಲಿನ್ ಮಾತ್ರ ಬಿಡಲಿಲ್ಲ. ಬಿಡದ್ದು ನನಗೆ ಇಷ್ಟವಾಯಿತು. "ಸರಿ, ನಂಗೂ ನಾಚಿಕೆ ಆಯ್ತು, ನಾನೂ ಗಮನಿಸ್ಲಿಲ್ಲ. ಆದ್ರೆ ಇನ್ನು ಮುಂದೆ ಯಾರೂ ಕಣ್ಣಾರೆ ಕಂಡದ್ದನ್ನ ಹೇಳೋ ಹಾಗೇ ಇಲ್ವಾ? ನಾಳೆ ನಂಗೇ ಏನಾದ್ರೂ ಆದ್ರೆ?"

ಆಲ್ಬೇರ್ತೊ ಕಣ್ಣೊರೆಸಿಕೊಂಡು ಬಾಯಿ ಹಾಕಿದ. "ನಮ್ಮ ಪಕ್ಕದ ಮನೆಯವನು, ಮನೆಲ್ ಅಂತ, ನನ್ನ ಏಣಿ ಕದ್ದ. ಹಾಡುಹಗಲು. ನಾನೇ ನೋಡಿದೆ. ಅದೂ ಸಂಶಯವಾ?"

"ಅಯ್ಯೋ ಮಾರಾಯ, ನಿಂಗೆ ಅವನು ಎಷ್ಟು ವರ್ಷದ ಪರಿಚಯ?" ಎಂದೆ.

"ಅವನ ಮದುವೇಲಿ ಕುಣಿದಿದ್ದೀನಿ."

"ಹಾಗಿದ್ರೆ ಅವನೇ ಕಳ್ಳ. ಜಡ್ಜಮ್ಮ ನಂಬ್ಬೇಡಿ ಅಂದ್ರಾ? ಕಣ್ಣು ಮುಚ್ಕೊಳ್ಳಿ ಅಂದ್ರಾ? ಕಣ್ಣುಜ್ಜಿಕೊಂಡು ನೋಡಿ ಅಂದ್ರು, ಅಷ್ಟೇ. ಗೊತ್ತಿರೋ ಮುಖವೋ, ಹೊಸ ಮುಖವೋ. ಬೆಳಕಿತ್ತೋ, ಇರ್ಲಿಲ್ವೋ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ದೊಡ್ಡೋರು ಹೇಳ್ತಿರ್ಲಿಲ್ವಾ? ಕೇಟ್ಲಿನ್, ನಾಳೆ ನೀನು ನಿನಗೆ ಚೆನ್ನಾಗಿ ಗೊತ್ತಿರೋನ ಮೇಲೆ ಬೆರಳಿಟ್ರೆ ನಿನ್ನ ಪರ ಮೊದಲು ಕೈ ಎತ್ತೋಳು ನಾನೇ ಕಣೇ."

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳೇ ಕೇಳಿದಳು, "ಆ ಪಾರ್ಕಿಂಗ್‌ನಲ್ಲಿ ದೀಪ ಎಷ್ಟು ದೂರ ಇತ್ತು ಅಂದ್ರು?" ಯಾರಿಗೂ ನೆನಪಿರಲಿಲ್ಲ. ಪಿಸ್ತೂಲು ಯಾವ ಕೈಯಲ್ಲಿತ್ತು ಎಂಬುದು ಎಲ್ಲರಿಗೂ ನೆನಪಿತ್ತು. ಹ್ಯಾಲೋರನ್ ಅದನ್ನೇ ವಿವರವಾಗಿ ಹೇಳಿದ್ದರು. ಪಿಸ್ತೂಲಿನ ಬಣ್ಣ, ಬಾಯಿ, ಅದರ ಮೇಲಿದ್ದ ಗೀರು. ಮುಖದ ವಿಷಯಕ್ಕೆ ಬಂದರೆ, ಕರಿಯ ಹುಡುಗ, ಟೋಪಿ ಹಾಕಿದ್ದ. ಇಷ್ಟೇ. ಹಾಗೆ ಒಂದೊಂದೇ ಎಳೆ ಹಿಡಿದು ಮಾತಾಡುತ್ತಾ ಹೋದೆವು. ಬಟ್ಟೆಯ ಕಲೆ ಯಂತ್ರಕ್ಕೆ ಇನ್ನೊಂದು ಸಲ ಹಾಕಿದಾಗ ಬಿಡುತ್ತದಲ್ಲ, ಹಾಗೆ ಒಬ್ಬೊಬ್ಬರ 'ಖಂಡಿತ'ವೂ ಬಿಡುತ್ತಾ ಬಂತು.

ಲ್ಯಾನ್ಸಿಂಗ್ ಕೊನೆಗೆ ಬೋರ್ಡು ಒರೆಸಿದರು. "ಅರ್ನೆಸ್ಟೀನ್" ಎಂದು ನನ್ನ ಕಡೆ ತಿರುಗಿದರು. ಹೇಳುವ ಮೊದಲು ಒಂದು ಕ್ಷಣ ಹೆದರಿದ್ದು ಕಂಡಿತು. "ನಾನು ಮುಖ ಮರೆಯೋನಲ್ಲ ಅಂತ ಮೂವತ್ತು ವರ್ಷದಿಂದ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೆ."

"ಹೇಳ್ಕೊಳ್ಳಿ ಬಿಡಿ. ನಾನೂ ತೆಳ್ಳಗಿದ್ದೀನಿ ಅಂತ ಹೇಳ್ಕೋತೀನಿ."

ಮತ್ತೆ ಕೈ ಎತ್ತಿದೆವು. ತಪ್ಪಿತಸ್ಥ ಎಂದು ಒಂದು ಕೈಯೂ ಏಳಲಿಲ್ಲ.

ಕೋರ್ಟಿನಲ್ಲಿ ಮುಖಂಡ ಎದ್ದು ಹೇಳಬೇಕು. ಲ್ಯಾನ್ಸಿಂಗ್ ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು. "ತಪ್ಪಿತಸ್ಥನಲ್ಲ" ಎಂದರು. ಟಾವಿಯಸ್ ಕುಸಿದು ಕೂತ. ಅವನಮ್ಮ ಸಮವಸ್ತ್ರದ ಏಪ್ರನ್ನನ್ನು ಎರಡೂ ಕೈಯಲ್ಲಿ ಹಿಂಡುತ್ತಾ ಇದ್ದಳು. ಹ್ಯಾಲೋರನ್ ತಲೆ ತಗ್ಗಿಸಿ ಹೊರಟುಹೋದರು. ಅವರ ಬ್ಯಾಗು ಕದ್ದವನು ಊರಿನಲ್ಲಿ ಎಲ್ಲೋ ಆರಾಮಾಗಿದ್ದಾನೆ. ಅದೂ ಅನ್ಯಾಯವೇ. ಆಕೆಗಾಗಿ ನನಗೆ ಬೇಜಾರಾಯಿತು, ಈಗಲೂ ಇದೆ.

ಹೊರಗೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ತಾಯಿ ಮಗ ಬಂದರು. ಟೈ ಜೇಬಿನಲ್ಲಿತ್ತು. ಹುಡುಗ ಗಾಡಿಯಿಂದ ಹಾಟ್‌ಡಾಗ್ ತಂದು ತಿನ್ನುತ್ತಿದ್ದ. ಅವಸರಕ್ಕೆ ಅದರ ಮೇಲಿನ ಸಾಸಿವೆ ಗೊಜ್ಜು ಅಂಗಿ ಮೇಲೆಲ್ಲ ಬೀಳುತ್ತಿತ್ತು. ನನ್ನನ್ನು ಕಂಡು ನಿಂತ.

"ನೀವು ಜ್ಯೂರಿಲಿ ಕೆಳಗಿನ ಸಾಲಿನೋರಲ್ವಾ? ಆ ಹೆಂಗಸು ಅತ್ತಾಗ ನೀವೂ ಅತ್ರಿ. ಮುಗೀತು ನನ್ನ ಕಥೆ ಅಂದ್ಕೊಂಡೆ."

"ನೋಡ್ತಿದ್ಯೇನೋ?"

"ಎಲ್ಲರನ್ನೂ ನೋಡ್ತಿದ್ದೆ ಮೇಡಂ. ಇನ್ನೇನು ಕೆಲಸ ಇತ್ತು ನಂಗೆ?"

"ಮನೆಗೆ ಬಂದು ಒಬ್ಬೊಬ್ಬರ ಮುಖಾನೂ ಹೇಳ್ತಿದ್ದ" ಎಂದಳು ತಾಯಿ. "ಇವತ್ತು ಮೀಸೆಯೋನು ನಕ್ಕ, ಟೀಚರ್ ಥರ ಇರೋಳು ಹುಬ್ಬು ಗಂಟಿಕ್ಕಿದ್ಲು, ಜಡೆಯಕ್ಕ ಕನ್ನಡಕ ಒರೆಸಿದ್ಲು ಅಂತ. ಹನ್ನೆರಡೂ ಜನಾನೂ ಬಾಯಿಪಾಠ ನನ್ನ ಮಗಂಗೆ."

ನಾನು ಕರವಸ್ತ್ರ ತೆಗೆದು ಅವನ ಕೈಗಿಟ್ಟೆ.

ಹುಡುಗ ಸಾಸಿವೆ ಒರೆಸಿಕೊಂಡ. "ಆ ಬಿಳಿ ಕೂದಲಿನ ಸರ್ ಮಾತ್ರ ವಾರವೆಲ್ಲ ನನ್ನ ಮುಖ ನೋಡ್ಲೇ ಇಲ್ಲ. ಒಂದ್ಸಲಾನೂ ಇಲ್ಲ. ಇವತ್ತು ನೋಡಿದ್ರು ಮೇಡಂ. ಎದ್ದು ಹೇಳಿ ಆದ್ಮೇಲೂ ನೋಡ್ತಾನೇ ಇದ್ರು. ನಂಗೆ ಒಂಥರಾ ಆಯ್ತು. ಎಲ್ಲಿ ನೋಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ನೋಡ್ಲಿ ಬಿಡಪ್ಪಾ" ಎಂದೆ. "ಅವರಿಗೂ ಅಭ್ಯಾಸ ಆಗ್ಬೇಕಲ್ಲ."

ತಾಯಿ ಒಮ್ಮೆಲೇ ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು ಅವಳಿಗೆ. ನಾನು ಅವಳ ತೋಳು ಹಿಡಿದುಕೊಂಡೆ. ಬಸ್ಸು ಬಂತು, ಮೂವರೂ ಹತ್ತಿದೆವು.